ಅಂಗೈಗೆ ಇಟ್ಟ ಎಲೆ

ಈಗ ಎಲ್ಲರೂ ಮಾನವ ಸಂಪನ್ಮೂಲ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಅದಕ್ಕೆ ಪರ್ಸೊನೆಲ್ ಎಂಬ ಹೆಸರಿತ್ತು. ನನಗಿಂತ ಮುಂಚೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಅದೇ ಕೆಲಸವನ್ನು ಜಮಾದಾರ ಮಾಡುತ್ತಿದ್ದ. ಅವನಿಗೆ ಕುರ್ಚಿ ಇರಲಿಲ್ಲ, ನನಗೆ ಇತ್ತು, ಅಷ್ಟೇ ವ್ಯತ್ಯಾಸ. ಈಗ ಯಾರಾದರೂ ತರಬೇತಿ ಶಿಬಿರಕ್ಕೆ ಕರೆದು, ಈ ವೃತ್ತಿಯಲ್ಲಿ ಮೇಲೆ ಬರುವುದು ಹೇಗೆಂದು ಹುಡುಗರಿಗೆ ನಾಲ್ಕು ಮಾತು ಹೇಳಿ ಸಾರ್ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೇಲೆ ಬಂದದ್ದು ನಿಜ. ಹೇಗೆ ಬಂದೆನೆಂದು ಹೇಳಿದರೆ ಆ ಹುಡುಗರು ಹೆದರಿ ಬೇರೆ ಕೋರ್ಸು ಹುಡುಕಿಕೊಳ್ಳುತ್ತಾರೆ.

ನನ್ನನ್ನು ಓದಿಸಿದವಳು ನನ್ನ ಅಕ್ಕ. ಮಾನ್ವಿಯ ನಮ್ಮ ಕೇರಿಯಲ್ಲಿ ಗಂಡನ ಮನೆ ಬಿಟ್ಟು ಬಂದ ಹೆಣ್ಣಿಗೆ ಬಾಳ್ವೆ ಸುಲಭವಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನಾನೂ ಅವಳ ಕೊರಳಿಗೆ ಬಿದ್ದೆ. ದೀಪಾವಳಿ ಕಳೆದರೆ ಅವಳು ಪಾತ್ರೆ ಪಗಡೆ ಗಂಟು ಕಟ್ಟಿಕೊಂಡು ರಾಯಚೂರಿನ ಮಿಲ್ಲಿಗೆ ಹೋಗುತ್ತಿದ್ದಳು. ಅಲ್ಲಿನ ತಗಡಿನ ಶೆಡ್ಡಿನಲ್ಲಿದ್ದು, ಬಿಸಿಲು ಬಲಿಯುವವರೆಗೆ ಬೀಜ ಬಿಡಿಸುವ ಜಿನ್ನಿನ ಮುಂದೆ ಕುಳಿತು ಯಂತ್ರಕ್ಕೆ ಹತ್ತಿ ಉಣಿಸುವುದು ಅವಳ ಕೆಲಸ. ಅರಳೆ ಒಂದು ಕಡೆ, ಬೀಜ ಒಂದು ಕಡೆ. ರಜೆಯಲ್ಲಿ ನಾನು ನೋಡಲು ಹೋದರೆ ಹುಬ್ಬು, ರೆಪ್ಪೆ, ತಲೆ ಎಲ್ಲ ಬೆಳ್ಳಗಾಗಿ, ನನ್ನ ಅಕ್ಕ ನನ್ನ ಅಜ್ಜಿಯಾಗಿ ಕಾಣುತ್ತಿದ್ದಳು. ಅದನ್ನು ಹೇಳಿ ನಾನು ಛೇಡಿಸುತ್ತಿದ್ದೆ. ಅವಳು ನಗುತ್ತ ಕೆಮ್ಮುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ: ಕಾಯಂ ಆಗಬೇಕು. ಆ ಮಿಲ್ಲಿನಲ್ಲಿ ಕೆಲವೇ ಕೆಲವರು ಕಾಯಂ ಇದ್ದರು. ಅವರಿಗೆ ವರ್ಷವಿಡೀ ಕೆಲಸ, ಇರಲು ಒಂದು ಖೋಲಿ. ಉಳಿದವರೆಲ್ಲ ಸೀಜನ್ನಿನವರು. ಸೀಜನ್ ಮುಗಿದ ಮೇಲೆ ಅಕ್ಕ ಮಾನ್ವಿಗೆ ಮರಳಿ ಗೌಡರ ಕಣದಲ್ಲಿ, ಹೊಲದಲ್ಲಿ ದುಡಿಯಬೇಕಾಗುತ್ತಿತ್ತು. ಅಲ್ಲಿ ನಮ್ಮವರ ಬೊಗಸೆಗೆ ನೀರನ್ನು ಎತ್ತರದಿಂದ ಸುರಿಯುತ್ತಿದ್ದರು. ಕಾಳನ್ನೂ ಹಾಗೆಯೇ, ಸೆರಗು ಒಡ್ಡಿದರೆ ಮೇಲಿನಿಂದ ಬೀಳುತ್ತಿತ್ತು. ಮಿಲ್ಲಿನಲ್ಲಿ ಹಾಗಿರಲಿಲ್ಲ. ಎಲ್ಲರಿಗೂ ಒಂದೇ ನಳ. "ಕಾಯಂ ಆದ್ರ ಆ ಕಣಕ್ಕ ಕಾಲಿಡೂದಿಲ್ಲ ನೋಡು ತಮ್ಮಾ," ಎಂದು ಅವಳು ಹೇಳುತ್ತಿದ್ದಳು. ನಾನು ಧಾರವಾಡಕ್ಕೆ ಹೋಗಿ ಕಾರ್ಮಿಕ ಕಲ್ಯಾಣದ ಕೋರ್ಸು ಓದಿದ್ದೂ ಅದಕ್ಕಾಗಿಯೇ. ಮೇಷ್ಟ್ರಾಗು, ಗುಮಾಸ್ತನಾಗು ಎಂದು ಎಲ್ಲರೂ ಹೇಳಿದರು. ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ಕುರ್ಚಿಯಲ್ಲೇ ಕೂರಬೇಕೆಂಬ ಹಟ ನನಗೆ.

ಇನ್ನು ಎಲೆಯ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದೇನೂ ಅರ್ಥವಾಗುವುದಿಲ್ಲ. ಸೀಜನ್ನಿಗೆ ಮುಂಚೆ ಜಮಾದಾರ ಊರೂರು ತಿರುಗುತ್ತಿದ್ದ. ಹೆಗಲಿನ ಒದ್ದೆ ಚೀಲದಲ್ಲಿ ವೀಳ್ಯದೆಲೆ, ಜೇಬಿನಲ್ಲಿ ಅಡಿಕೆ. ಹಳೆಯ ಕೆಲಸಗಾರ್ತಿಯ ಮನೆ ಮುಂದೆ ನಿಂತು ಹೆಸರು ಹಿಡಿದು ಕರೆದು, ಅವಳ ಅಂಗೈಯಲ್ಲಿ ಎರಡು ಎಲೆ, ಒಂದು ಅಡಿಕೆ ಇಡುತ್ತಿದ್ದ. ಮುಗಿಯಿತು. ಆಮೇಲೆ ಆ ಸೀಜನ್ನಿಗೆ ಅವಳು ಆ ಮಿಲ್ಲಿನವಳು. ಇನ್ನೊಂದು ಮಿಲ್ಲಿನವರು ಬಂದು ಬಂಗಾರ ಕೊಡುತ್ತೇನೆಂದರೂ ಹೋಗುವಂತಿಲ್ಲ. ಮಿಲ್ಲೂ ಅಷ್ಟೇ, ಎಲೆ ಕೊಟ್ಟವಳನ್ನು ಗೇಟಿನಿಂದ ತಿರುಗಿಸಿ ಕಳಿಸುವಂತಿಲ್ಲ. ಸಹಿ ಇಲ್ಲ, ಕಾಗದ ಇಲ್ಲ. ಎಲೆ ಬರದಿದ್ದರೆ ಮಾತ್ರ ಆ ಹೆಂಗಸು ಮೂರು ದಿನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಓದು ಮುಗಿಸಿ ಬಂದ ನನಗೆ ಅದೇ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಕಾನೂನಿಗೆ ತೋರಿಸಲು ಅವರಿಗೆ ಓದಿದವನೊಬ್ಬ ಬೇಕಾಗಿದ್ದ. ಅಕ್ಕ ಜಿನ್ನಿನ ಮುಂದೆ, ನಾನು ಫ್ಯಾನಿನ ಕೆಳಗೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವಳು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಸಾಹೇಬನ ಅಕ್ಕ ಎಂದು ಯಾರಾದರೂ ಆಡಿಕೊಂಡಾರೆಂಬ ಭಯ ಅವಳಿಗೆ. ಹಳೆಯ ಹೆಂಗಸರನ್ನು ಕಾಯಂ ಮಾಡುವುದರಿಂದ ಮಿಲ್ಲಿಗೇ ಲಾಭವೆಂದು ಧಾರವಾಡದಲ್ಲಿ ಕಲಿತದ್ದನ್ನೆಲ್ಲ ತುಂಬಿಸಿ ಮಾಲಕರಿಗೆ ಬರೆದುಕೊಟ್ಟೆ. ಅವರು ಅದನ್ನು ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಮರುವರ್ಷ ಮತ್ತೆ ಬರೆದೆ. "ಚಲೋ ಬರೀತೀರಿ ನೀವು," ಎಂದರು.

ಹೀಗೇ ಕೆಲವು ವರ್ಷ ಕಳೆದವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ವರ್ಷ ದಸರೆಯ ಮಗ್ಗುಲಿಗೆ ಮಾಲಕರು ತಾವೇ ನನ್ನನ್ನು ಒಳಗೆ ಕರೆದು, ಕೂಡ್ರಿಸಿ, ಚಹಾ ತರಿಸಿದರು. ಚಹಾ ಬಂದಾಗಲೇ ಎಚ್ಚರಾಗಬೇಕಿತ್ತೆಂದು ಈಗ ಅನ್ನಿಸುತ್ತದೆ. ಆಗ ನಾನು ಖುಷಿಯಿಂದ ಕುಡಿದೆ.

"ಈ ಸಲ ಜಮಾದಾರನ ಜೋಡಿ ನೀವೂ ಹೋಗ್ರಿ. ನೀವು ಆ ಕಡಿಯವರ ಅದೀರಿ. ನಿಮ್ಮ ಕೈಲಿಂದ ಎಲಿ ಹೋದ್ರ ಅದರ ವಜನ ಬ್ಯಾರೆ. ಹಳಬರನ್ನೆಲ್ಲ ಈ ಸೀಜನ್ನಿಗೆ ಕಾಯಂ ಮಾಡೂಣು ಅಂತ ಹೇಳ್ರಿ."

"ಖರೇನ್ರಿ?" ಎಂದು ಕೇಳಿಬಿಟ್ಟೆ.

"ನನ್ನ ಮಾತಿನ ಮ್ಯಾಲ ಸಂಶಯೇನು?" ಎಂದು ಅವರು ನಕ್ಕರು.

ಜಮಾದಾರ ಆ ಹೊತ್ತಿಗೆ ಮುದುಕ. ಕೇರಿಯ ಹೆಂಗಸರೆಲ್ಲ ಅವನನ್ನು ಚಾಚಾ ಎನ್ನುತ್ತಿದ್ದರು. ನಾನು ಬರುತ್ತೇನೆಂದಾಗ ಅವನು ಬೇಸರಿಸಲಿಲ್ಲ, ಸಂತೋಷಪಟ್ಟ. ದೇವದುರ್ಗದ ಬಸ್ಸಿನಲ್ಲಿ ಎಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಗಾಗ ನೀರು ಚಿಮುಕಿಸುತ್ತ, ನನಗೆ ಪಾಠ ಹೇಳಿದ. "ಎಲಿ ಅಂದ್ರ ಜಬಾನು, ಬೇಟಾ, ಕೊಟ್ಟ ಮಾತು. ಮ್ಯಾಲಿಂದ ಒಗಿಬ್ಯಾಡ. ಅಂಗೈ ಮುಟ್ಟಿಸಿ ಇಡು. ಅವರು ಅದನ್ನ ನೋಡತಾರ."

ದೇವದುರ್ಗದ ಕೇರಿಗಳಲ್ಲಿ, ಆಮೇಲೆ ಕವಿತಾಳದಲ್ಲಿ, ಎಲೆ ಇಡುತ್ತ ಬಂದೆವು. ಕಾಯಂ ಎಂಬ ಮಾತು ನಮಗಿಂತ ಮುಂದೆ ಓಡುತ್ತಿತ್ತು. ನಾವು ಓಣಿ ಸೇರುವ ಹೊತ್ತಿಗೆ ಹೆಂಗಸರು ಕೈ ತೊಳೆದುಕೊಂಡು ನಿಂತಿರುತ್ತಿದ್ದರು. ಒಬ್ಬ ಮುದುಕಿ ನನ್ನ ಗದ್ದ ಹಿಡಿದು, "ಯಪ್ಪಾ, ನಮ್ಮಂಥವರ ಹೊಟ್ಟ್ಯಾಗ ಹುಟ್ಟಿ ನಮಗ ಎಲಿ ತಂದೀಯಲ್ಲೋ," ಎಂದು ಅತ್ತಳು. ನಾನು ಅವಳ ಅಂಗೈಗೆ ಮುಟ್ಟಿಸಿ ಎಲೆ ಇಟ್ಟೆ. ಓದಿದ್ದು ಸಾರ್ಥಕವಾಯಿತೆಂದು ನನಗೆ ಬದುಕಿನಲ್ಲಿ ಅನ್ನಿಸಿದ್ದು ಆ ಒಂದು ವಾರ ಮಾತ್ರ.

ಮಾನ್ವಿಗೆ ಬಂದದ್ದು ಕೊನೆಗೆ. ಅಕ್ಕ ಅಂಗಳ ಗುಡಿಸಿ ನೀರು ಚಿಮುಕಿಸಿದ್ದಳು. ಜಮಾದಾರ ಬೇಕೆಂದೇ ಹಿಂದೆ ಸರಿದು ನನ್ನನ್ನು ಮುಂದೆ ಬಿಟ್ಟ.

"ನೀ ಕೊಡಾಕತ್ತೀಯೇನು?" ಎಂದು ಅಕ್ಕ ಕೇಳಿದಳು.

"ಹೂಂ ಅಕ್ಕಾ. ಈ ಸಲ ಕಾಯಂ."

"ನಿನ್ನ ಮಾತೋ, ಮಾಲಕರ ಮಾತೋ?"

"ಮಾಲಕರ ಮಾತು. ನನ್ನ ಮುಂದ ಆಡ್ಯಾರ."

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಅಂಗೈ ಚಾಚಿದಳು. ನಾನು ಎಲೆ ಇಟ್ಟೆ. ಆ ಅಂಗೈ ಎಷ್ಟು ಒರಟಾಗಿತ್ತೆಂದು ನನಗೆ ಆ ದಿನದವರೆಗೆ ತಿಳಿದಿರಲಿಲ್ಲ. ಅವಳು ಎಲೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ದೇವರ ಗೂಡಿನಲ್ಲಿ ಇಟ್ಟು ಬಂದಳು.

ನಾವು ಎಲೆ ಹಂಚಿ ಬಂದ ಮೇಲೆ ಆ ಊರುಗಳಿಗೆ ಇನ್ನೊಂದು ಜೀಪು ಹೋಯಿತು. ರಾಯಚೂರಿನ ಹೊರಗೆ ಹೊಸ ಮಿಲ್ಲೊಂದು ಎದ್ದಿತ್ತು. ಅವರಿಗೆ ಜಿನ್ನು ಬಲ್ಲ ಕೈಗಳು ತುರ್ತಾಗಿ ಬೇಕಾಗಿದ್ದವು. ಬಂದ ಮೊದಲ ದಿನದಿಂದಲೇ ಕಾಯಂ, ವರ್ಷವಿಡೀ ಕೆಲಸ ಎಂದು ಸಾರಿದರು. ನಮ್ಮ ಹೆಂಗಸರು ಒಬ್ಬರೂ ಜೀಪು ಹತ್ತಲಿಲ್ಲ. "ಎಲಿ ಹಿಡದೀವ್ರಿ," ಎಂದು ಎಲ್ಲ ಊರಿನಲ್ಲೂ ಒಂದೇ ಉತ್ತರ. ಎಲೆ ಒಣಗಿ ಪುಡಿಯಾಗಿರಬೇಕಲ್ಲ ಎಂದು ಜೀಪಿನವನು ನಕ್ಕನಂತೆ. "ಎಲಿ ಒಣಗಿದ್ರ ನಾವು ಒಣಗೀವೇನು?" ಎಂದು ಅಕ್ಕ ಕೇಳಿದಳಂತೆ. ಇದನ್ನು ಅವಳು ನನಗೆ ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ ನಾನು ಆಫೀಸಿನಲ್ಲೂ ಒಂದಿಬ್ಬರಿಗೆ ಹೇಳಿ ಮೆರೆದೆ. ಮಾಲಕರ ಕಿವಿಗೂ ಬಿತ್ತು. ಅವರು ಬಹಳ ಸಂತೋಷಪಟ್ಟರು.

ಸೀಜನ್ ಶುರುವಾಗಬೇಕಿತ್ತು. ಕೆಲಸಕ್ಕೆ ಕರೆಯುವ ನಮ್ಮ ಮಿಲ್ಲಿನ ಭೋಂಗಾ ಊದಲಿಲ್ಲ. ಬೊಂಬಾಯಿಯಿಂದ ಯಂತ್ರ ತಿರುಗಿಸುವ ಪಟ್ಟಾ ಬರಬೇಕು, ಬಂದ ಮೇಲೆ ಶುರು ಎಂದರು. ಪಟ್ಟಾ ಬಂದ ಮೇಲೆ ಮೋಟಾರಿನದ್ದೇನೋ ತೊಂದರೆ ಎಂದರು. ಹೆಂಗಸರು ಗಂಟು ಮೂಟೆ ಸಮೇತ ಬಸ್ಸು ಹತ್ತಿ ಬಂದು ಗೇಟಿನ ಎದುರಿನ ಬೇವಿನ ಮರದ ಕೆಳಗೆ ಒಲೆ ಹೂಡಿದರು. ವಾಚ್‌ಮನ್ ಶೆಡ್ಡಿನ ಬೀಗ ತೆಗೆಯಲಿಲ್ಲ. ನಾನು ದಿನಾ ಹೊರಗೆ ಹೋಗಿ ಇನ್ನೇನು ಶುರುವಾಗುತ್ತದೆ ಎನ್ನುತ್ತಿದ್ದೆ. ನನಗೆ ಒಳಗೆ ಹೇಳಿದ್ದನ್ನೇ ಹೊರಗೆ ಹೇಳುತ್ತಿದ್ದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಏನೆಂದು ಆ ಮರದ ಕೆಳಗೆ ನೋಡಿದೆ. ಊರಿನಲ್ಲಿ ಜೋಳದ ಕೆಲಸ, ಕಡಲೆಯ ಕೆಲಸ ಎಲ್ಲ ಕೈ ಬಿಟ್ಟುಹೋಗುತ್ತಿತ್ತು. ಯಾರೂ ಹೋಗಲಿಲ್ಲ. ಎಲೆ ಹಿಡಿದಿದ್ದರಲ್ಲ.

ಅತ್ತ ಹೊಸ ಮಿಲ್ಲಿನ ಅಂಗಳದಲ್ಲಿ ಹತ್ತಿ ಗುಡ್ಡದಂತೆ ಬಿದ್ದಿತ್ತು, ಯಂತ್ರದ ಮುಂದೆ ಕೂರಲು ಜನರಿಲ್ಲ. ಆ ಮಾಲಕ ಕೈ ಚೆಲ್ಲಿ ಕುಳಿತ. ನದಿಯಾಚೆಯ ತೆಲುಗು ಹಳ್ಳಿಗಳಿಂದ ಹೊಸಬರನ್ನು ಕರೆಸಿ ಕಲಿಸತೊಡಗಿದ. ಆದರೂ ನಷ್ಟ ತಡೆಯಲಾರದೆ ಸಂಕ್ರಾಂತಿ ಮುಗಿದ ಮೇಲೆ ನಮ್ಮ ಮಾಲಕರನ್ನು ಪಾಲುದಾರರನ್ನಾಗಿ ಮಾಡಿಕೊಂಡ. ನಮ್ಮ ಆಫೀಸಿನಲ್ಲಿ ಪೇಡೆ ಹಂಚಿದರು. ಹಳೆಯ ಮಿಲ್ಲಿನ ಜಿನ್ನುಗಳನ್ನು ಈ ವರ್ಷ ನಡೆಸುವ ವಿಚಾರವೇ ಇರಲಿಲ್ಲವೆಂದು, ಪೇಡೆ ತಿನ್ನುತ್ತಲೇ, ಅಕೌಂಟೆಂಟರು ನನಗೆ ಹೇಳಿದರು. ಅವರಿಗೆ ದಸರೆಗೆ ಮೊದಲೇ ಗೊತ್ತಿತ್ತಂತೆ.

ಎಲೆ ಕೊಡಿಸಿದ್ದು ಕೆಲಸ ಕೊಡಲು ಅಲ್ಲ. ಹೊಸ ಮಿಲ್ಲು ಸೋತು ಪಾಲು ಕೊಡುವವರೆಗೆ ಹೆಂಗಸರು ಅಲ್ಲಿಗೆ ಹೋಗದಂತೆ ಕಟ್ಟಿಹಾಕಲು. ಹಗ್ಗ ಬೇಕಾಗಿರಲಿಲ್ಲ, ಬೀಗ ಬೇಕಾಗಿರಲಿಲ್ಲ. ಎರಡು ಎಲೆ ಸಾಕಾದವು. ಇಂಥ ಮೋಸ ನಮ್ಮ ಜನರಿಗೆ ಮಾತ್ರ ಮಾಡಲು ಸಾಧ್ಯ. ಮಾತಿಗೆ ನಿಲ್ಲದವರಿಗೆ ಎಲೆ ಕೊಟ್ಟು ಏನೂ ಉಪಯೋಗವಿಲ್ಲ.

ಜಮಾದಾರನಿಗೆ ಸುದ್ದಿ ಮುಟ್ಟಿಸಿದ್ದು ನಾನೇ. ಅವನು ಮಸೀದಿಯ ಹತ್ತಿರದ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. "ಗಡ್ಡ ಬೆಳ್ಳಗಾಗೂ ಮಟ ಎಲಿ ಹಂಚೀನಿ, ಬೇಟಾ. ಸುಳ್ಳು ಎಲಿ ಒಂದೂ ಕೊಟ್ಟಿದ್ದಿಲ್ಲ," ಎಂದ. ಆಮೇಲೆ ಎಲೆಯ ಚೀಲವನ್ನು ಒಳಗಿಂದ ತರಿಸಿ, ಕೊಡವಿ, ಮಡಚಿ, ಅದರ ಮೇಲೆಯೇ ಕುಳಿತ. ಅವನು ಮತ್ತೆ ಮಿಲ್ಲಿಗೆ ಬರಲಿಲ್ಲ.

ಅದು ನನ್ನ ತಪ್ಪೆಂದು ಎದೆ ಬಡಿದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನಗೂ ಮೋಸ ಮಾಡಿದ್ದರು. ನಾನು ಸುಮ್ಮನೆಯೂ ಕೂರಲಿಲ್ಲ. ಹೆಂಗಸರನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿರೆಂದು ಕಳಿಸಿದವನೂ ನಾನೇ. ಆದರೆ ಮಿಲ್ಲಿನ ಪರವಾಗಿ ಉತ್ತರ ಕೊಡಲು ಕರೆ ಬಂದಾಗ, ಮಾಲಕರು ಕಳಿಸಿದ್ದು ನನ್ನನ್ನೇ. ಪರ್ಸೊನೆಲ್ ಎಂದರೆ ಅದೇ ತಾನೆ? ಮೇಜಿನ ಈ ಕಡೆ ಕುರ್ಚಿಯಲ್ಲಿ ನಾನು, ಆ ಕಡೆ ನೆಲದ ಮೇಲೆ ನನ್ನ ಅಕ್ಕ ಮತ್ತು ಅವಳ ಜೊತೆಯವರು.

ಮೈಸೂರಿನ ಕಡೆಯ ಅಧಿಕಾರಿ, ಒಳ್ಳೆಯ ಮನುಷ್ಯ. "ಮಿಲ್ಲಿನವರು ನಿಮಗೆ ಕೆಲಸ ಕೊಡ್ತೀವಿ ಅಂತ ಏನು ಕೊಟ್ಟಿದ್ರಮ್ಮಾ?" ಎಂದು ಕೇಳಿದರು.

"ಎಲಿ ಕೊಟ್ಟಿದ್ದರ್ರಿ," ಎಂದಳು ಅಕ್ಕ.

"ಯಾರು ಕೊಟ್ಟಿದ್ದು?"

ಅವಳು ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನ್ನ ನೌಕರಿ ಹೋದೀತೆಂದು ಅವಳಿಗೆ ಭಯ. ನಾನೇ ಎದ್ದು ನಿಂತು ಹೇಳಿದೆ. ಎಲೆ ಕೊಟ್ಟವನು ನಾನು, ಮಾಲಕರ ಮಾತಿನ ಮೇಲೆ ಕೊಟ್ಟೆ, ಎಲೆ ಎಂದರೆ ನಮ್ಮ ಮಿಲ್ಲಿನಲ್ಲಿ ನೇಮಕವೇ, ಕಾಯಂ ಮಾಡುವ ಮಾತೂ ಇತ್ತು. ಹೇಳಿ ಮುಗಿಸಿದ ಮೇಲೆ, ಇನ್ನು ಏನಾದರೂ ಆಗೇ ಆಗುತ್ತದೆ ಎಂದುಕೊಂಡೆ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಬಂದಿರೋದು ಮಿಲ್ಲಿನ ಪರವಾಗಿ. ಅವರ ಪರವಾಗಿ ಹೇಗ್ರೀ ಸಾಕ್ಷಿ ಹೇಳ್ತೀರಿ? ಅದೂ ಅಲ್ಲದೆ ಎಲೆ ಅಡಿಕೇನ ಕಾನೂನು ಹೇಗೆ ಓದುತ್ತೆ?" ಎಂದರು. ಅವರ ಮುಖದಲ್ಲಿ ಬೇಸರವಿತ್ತು. ಬೇಸರದಿಂದಲೇ ಹೆಂಗಸರಿಗೆ, ಮುಂದಿನ ಸೀಜನ್ನಿಗೆ ನೋಡೋಣಮ್ಮಾ, ಎಂದು ಹೇಳಿ ಕಳಿಸಿದರು.

ಮರುದಿನ ಮಾಲಕರು ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಎದುರು ನಾಲ್ಕು ಮಾತಾಡಿ, ರಾಜೀನಾಮೆ ಒಗೆದು ಬರಬೇಕೆಂದು ಮನಸ್ಸಿನಲ್ಲೇ ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಅವರು ಮತ್ತೆ ಚಹಾ ತರಿಸಿದರು.

"ಕಚೇರ್ಯಾಗ ಖರೇ ಹೇಳಿದ್ರಂತ. ಭಾಳ ಚಲೋ ಆತು ಬಿಡ್ರಿ. ಮಂದಿಗೆ ನಿಮ್ಮ ಮ್ಯಾಲ ಇನ್ನೂ ನಂಬಿಕಿ ಬರತದ. ಹೊಸ ಮಿಲ್ಲಿಗೆ ನಿಮ್ಮಂಥವರ ಬೇಕು."

ನನ್ನ ಮೊದಲ ಬಡ್ತಿ ಹೀಗೆ ಬಂತು. ನನ್ನ ಸತ್ಯವನ್ನೂ ಅವರು ಮಿಲ್ಲಿನ ಆಸ್ತಿಗೆ ಸೇರಿಸಿಕೊಂಡರು. ಬಿಟ್ಟುಬಿಡುತ್ತೇನೆಂದು ಮಾನ್ವಿಗೆ ಹೋಗಿ ಅಕ್ಕನ ಮುಂದೆ ಕುಳಿತೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನೀನೂ ಮನ್ಯಾಗ ಕುಂತ್ರ ಅವರದೇನು ಸುಡತದ? ಹೋಗು. ಸೇರಿಕೋ," ಎಂದಳು. ಹೊಸ ಮಿಲ್ಲಿನಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ. ತೆಲುಗು ಹೆಂಗಸರು ಅಷ್ಟರಲ್ಲಿ ಕೆಲಸ ಕಲಿತಿದ್ದರು. ಅವರೂ ಹೊಟ್ಟೆಗಾಗಿ ಬಂದವರೇ, ಅವರ ಮೇಲೆ ಸಿಟ್ಟು ಮಾಡುವುದು ಹೇಗೆ? ಅಕ್ಕ ಆ ಬೇಸಿಗೆಯಲ್ಲಿ ಮತ್ತೆ ಗೌಡರ ಕಣಕ್ಕೆ ಹೋದಳು.

ಎಂಬತ್ತರ ದಶಕದಲ್ಲಿ ನಾನು ಮ್ಯಾನೇಜರನಾದೆ. ಕಾಲುವೆಯ ನೀರು ಹರಿದಲ್ಲೆಲ್ಲ ಹತ್ತಿ ಹೋಗಿ ಭತ್ತ ಬಂತು. ಎಲೆ ಹಂಚುವುದೂ ನಿಂತಿತು. ಗುತ್ತೇದಾರನ ಲಾರಿ ಮಾನ್ವಿಯ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು, ಹತ್ತಿದವರನ್ನು ತುಂಬಿಕೊಂಡು ಬರುತ್ತಿತ್ತು. ಹತ್ತಿದವರ ಹೆಸರು ಕೂಡ ಯಾರಿಗೂ ಬೇಕಾಗಿರಲಿಲ್ಲ. ಆ ಹೊತ್ತಿಗೆ ಒಂದು ಕಾಯಂ ಜಾಗಕ್ಕೆ ಯಾರನ್ನಾದರೂ ಸೂಚಿಸುವ ಅಧಿಕಾರ ನನಗೆ ಬಂದಿತ್ತು. ಕಸ ಗುಡಿಸುವ ಜಾಗ. ಅಕ್ಕನಿಗೆ ಹೇಳಿ ಕಳಿಸಿದೆ. ಅವಳು ಹೊಸ ಸೀರೆ ಉಟ್ಟು ಬಂದಳು. ಮಿಲ್ಲಿನ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳುತ್ತಲೇ ಇದ್ದರು.

"ಹತ್ತಿ ಧೂಳು ಕೂತದ. ಯಾವ ಮಿಲ್ಲಿನಾಗ ಇದ್ರಿ?" ಎಂದು ಅವರು ಕೇಳಿದರು.

"ಇವರದಾಗನ," ಎಂದು ಅಕ್ಕ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು.

ಕಾಯಂ ಕೆಲಸಕ್ಕೆ ದೇಹ ತಕ್ಕದ್ದಲ್ಲ ಎಂದು ಅವರು ಬರೆದರು. ಅದರ ಕೆಳಗೆ ನಾನು ಸಹಿ ಹಾಕಬೇಕಿತ್ತು, ಹಾಕಿದೆ. ಅವಳನ್ನು ಬಸ್ಸಿಗೆ ಹತ್ತಿಸಲು ಹೋದಾಗ ದಾರಿಯಲ್ಲಿ ಅವಳು ಆ ವಿಷಯವನ್ನೇ ಎತ್ತಲಿಲ್ಲ. ಬದನೆಕಾಯಿ ರೇಟು ಕೇಳಿದಳು, ಹಣ್ಣಿನ ಗಾಡಿ ನೋಡಿದಳು.

ಆ ವರ್ಷ ಯುಗಾದಿಗೆ ಮಾನ್ವಿಗೆ ಹೋದೆ. ಅಕ್ಕ ಹೋಳಿಗೆ ಮಾಡಿದ್ದಳು. ಕೆಮ್ಮು ಜಾಸ್ತಿಯಾಗಿತ್ತು, ಆದರೂ ಕೂತು ಬಡಿಸಿ ಉಣ್ಣಿಸಿದಳು, ತಾನೂ ಉಂಡಳು. ಎಲೆ ಅಡಿಕೆಯ ತಟ್ಟೆ ನಮ್ಮಿಬ್ಬರ ನಡುವೆ ಇತ್ತು. ನಾನು ಎರಡು ಎಲೆ ಆರಿಸಿ, ತೊಟ್ಟು ಮುರಿದು, ಅಡಿಕೆ ಇಟ್ಟು, ಊಟವಾದ ಮೇಲೆ ಯಾರಾದರೂ ಕೊಡುವ ಹಾಗೆ, ಅವಳ ಕಡೆ ಕೈ ಚಾಚಿದೆ.

ಅವಳ ಕೈ ಅರ್ಧ ಮೇಲೆದ್ದಿತು. ಆಮೇಲೆ ಹಿಂದಕ್ಕೆ ಹೋಗಿ ಸೆರಗಿನೊಳಗೆ ಸೇರಿಕೊಂಡಿತು.

"ತಟ್ಟ್ಯಾಗ ಇಡು, ತಮ್ಮಾ," ಎಂದಳು. ಸಿಟ್ಟಿರಲಿಲ್ಲ, ಉಪ್ಪು ಕೊಡು ಎನ್ನುವ ಹಾಗೆಯೇ ಹೇಳಿದಳು. "ನಾನ ತೊಗೋತೀನಿ."

ಇಟ್ಟೆ. ನಾನು ಕೈ ಹಿಂದೆ ತೆಗೆದುಕೊಂಡ ಮೇಲೆ ಅವಳು ತಟ್ಟೆಯಿಂದ ಎಲೆ ಎತ್ತಿಕೊಂಡು, ಸುಣ್ಣ ಸವರಿ, ಬಾಯಿಗೆ ಹಾಕಿಕೊಂಡಳು. ಅವಳು ಬದುಕಿದ್ದಷ್ಟು ದಿನ ನನ್ನ ಕೈಯಿಂದ ಏನನ್ನೂ ಅಂಗೈಗೆ ತೆಗೆದುಕೊಳ್ಳಲಿಲ್ಲ. ಔಷಧಿಯ ಗುಳಿಗೆಯನ್ನೂ ನಾನು ತಟ್ಟೆಯಲ್ಲಿಯೇ ಇಡುತ್ತಿದ್ದೆ.